ಕಡತ ಒಂಬತ್ತರ ತೂಕ

ಹೆಸರು: ಮರ್ನಾ ವೋಗೆಲ್, ದಿವಂಗತ ಕ್ಲೇಟನ್ ವೋಗೆಲ್ ಅವರ ಹೆಂಡತಿ. ವಯಸ್ಸು: 64 ವರ್ಷ. ಉದ್ಯೋಗ: ಬ್ರಾಂಟ್ ಕೌಂಟಿ ಇತಿಹಾಸ ಸಂಘದ ಓದುವ ಕೋಣೆಯ ಮೇಲ್ವಿಚಾರಕಿ, 1985ರಿಂದ. ವಾಸ: 418, ಚರ್ಚ್ ರಸ್ತೆ, ವೆಲ್ಡನ್, ಒಹಾಯೊ.

ಮೇಲ್ಕಂಡ ನಾನು ಯಾರೂ ಕರೆಯದೆ, ಯಾರೂ ಒತ್ತಾಯಿಸದೆ, ಇಂದು ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ವೆಲ್ಡನ್ ಪೊಲೀಸ್ ಠಾಣೆಗೆ ಬಂದು, ಡಿಟೆಕ್ಟಿವ್ ರೂಬೆನ್ ಹಾಲ್ಕಮ್ ಅವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಸಂಘದಲ್ಲಿ ಈ ಊರಿನವರೇ ಆದ ಸೆನೆಟರ್ ಅಬ್ನರ್ ಗೇಲಾರ್ಡ್ ಅವರ ಸಂಗ್ರಹದ 22 ಪೆಟ್ಟಿಗೆಗಳಿವೆ. ಹಳೆಯ ಚುನಾವಣೆಗಳ ತಗಡಿನ ಬಿಲ್ಲೆಗಳು, ರೇಷ್ಮೆ ರಿಬ್ಬನ್‌ಗಳು, ಮೆರವಣಿಗೆಯ ಕಾಗದದ ಲಾಂದ್ರಗಳು ಮತ್ತು ಪತ್ರಗಳು. ಹದಿನಾಲ್ಕನೆಯ ಪೆಟ್ಟಿಗೆಯ ಒಂಬತ್ತನೆಯ ಕಡತದಲ್ಲಿ 1876ರ ಚುನಾವಣೆಯ 70 ಪತ್ರಗಳಿದ್ದವು. 14-10-1988ರ ಶುಕ್ರವಾರ ಸಂಜೆ ಎಣಿಸಿದಾಗ 39 ಇದ್ದವು. ಕೀಲಿಕೈ ಮೂವರ ಹತ್ತಿರ ಇತ್ತು: ಸಂಗ್ರಹದ ಮುಖ್ಯಸ್ಥರಾಗಿದ್ದ ಲೈಲ್ ಪ್ರೆಂಟಿಸ್, ಪೆಟ್ಟಿಗೆಗಳನ್ನು ತಂದಿಡುತ್ತಿದ್ದ ಓಡೆಲ್ ಮ್ಯಾಕ್‌ಫೆರಿನ್, ಮತ್ತು ನಾನು. ಮರುದಿನ ಇದೇ ಠಾಣೆಯಲ್ಲಿ ನಾನೊಂದು ಹೇಳಿಕೆ ಕೊಟ್ಟೆ. ಓಡೆಲ್ ಸಂಜೆ 4 ಗಂಟೆ 35 ನಿಮಿಷಕ್ಕೆ ಊಟದ ಡಬ್ಬಿ ಹಿಡಿದು ಹೋದದ್ದನ್ನು ನೋಡಿದೆ, ಡಬ್ಬಿ ಭಾರವಾಗಿದ್ದಂತೆ ಕಂಡಿತು ಎಂದು ಬರೆಸಿದೆ. ಸಾಕ್ಷ್ಯ ಸಾಲದೆ ಓಡೆಲ್ ಮೇಲೆ ಮೊಕದ್ದಮೆ ಆಗಲಿಲ್ಲ. ಆದರೆ ಕೆಲಸ ಹೋಯಿತು. ನಾವಿಬ್ಬರೂ ಒಂದೇ ಚರ್ಚಿಗೆ ಹೋಗುವವರು. ಭಾನುವಾರ ಕಾಣಿಕೆ ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ಒಯ್ಯುವ ಕೆಲಸ ಅವನದಾಗಿತ್ತು. ಆ ಚಳಿಗಾಲ ಅದನ್ನು ಬೇರೆಯವರಿಗೆ ಕೊಟ್ಟರು. ಅವನು ಇಂದಿಗೂ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ನಾನು ಮುಂದೆ ಕೂರುತ್ತೇನೆ, ತಿರುಗಿ ನೋಡುವುದಿಲ್ಲ.

ಆ ಕಳವಿನ ನಂತರ ನಮ್ಮಲ್ಲಿ ಒಂದು ಪದ್ಧತಿ ಬಂತು. ಓದುಗರಿಗೆ ಕಡತ ಕೊಡುವ ಮೊದಲು ಒಮ್ಮೆ, ವಾಪಸು ಪಡೆದ ಮೇಲೆ ಒಮ್ಮೆ, ಅಂಚೆ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಬೇಕು. ತೂಕ ಕಡಿಮೆಯಾದರೆ ಬರೆಯಲು ಒಂದು ಕಾಲಂ ಇದೆ. ಹೆಚ್ಚಾದರೆ ಬರೆಯಲು ಕಾಲಂ ಇಲ್ಲ. ಕಾಗದ ತೇವ ಕುಡಿದು ಒಂದಿಷ್ಟು ತೂಗುವುದು ಬೇಸಿಗೆಯಲ್ಲಿ ಇದ್ದದ್ದೇ. ಮೂವತ್ತೈದು ವರ್ಷ ನಾನು ಕಡಿಮೆಯನ್ನೇ ಹುಡುಕಿದೆ.

ಲೈಲ್ ಪ್ರೆಂಟಿಸ್ ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಓದುವ ಕೋಣೆಯ ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಅವರ ಹೆಸರಿದೆ. ನನಗೆ ಕೆಲಸ ಕೊಟ್ಟವರು ಅವರು. ಅವರ ಹೆಂಡತಿ ಎಲಾಯಿಸ್ ಪ್ರೆಂಟಿಸ್ ಅವರಿಗೆ 81 ವರ್ಷ. ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದು ಈ ಜನವರಿ 9ರಿಂದ ಪ್ರತಿ ಮಂಗಳವಾರ ಬಂದು, ವಿಂಗಡಿಸದ ಪೆಟ್ಟಿಗೆಗಳ ಕಾಗದಗಳಿಂದ ತುಕ್ಕು ಹಿಡಿದ ಗುಂಡುಸೂಜಿ ಬಿಡಿಸುವ ಕೆಲಸ ಮಾಡುತ್ತಿದ್ದರು. ಅದಕ್ಕೆ ಸಂಬಳವಿಲ್ಲ. ಹಾಗೆ ಬಂದು ಸಹಾಯ ಮಾಡುವವರ ಚೀಲವನ್ನು ನಾವು ನೋಡುವುದಿಲ್ಲ.

ಜನವರಿ 16ರ ಮಂಗಳವಾರದಿಂದ ಕೀತ್ ಸ್ಟ್ರೌಡ್ ಎಂಬವರು ಬರತೊಡಗಿದರು. ವಯಸ್ಸು ಸುಮಾರು 45, ಹಳೆಯ ಚುನಾವಣೆ ಬಿಲ್ಲೆಗಳನ್ನು ಕೊಂಡು ಮಾರುವವರು. ಮೊಣಕಾಲಿನವರೆಗಿನ ಕೋಟು, ಅದಕ್ಕೆ ಆರು ಜೇಬು. ನಾನು ಎಣಿಸಿದ್ದೇನೆ. ಬಂದಾಗಲೆಲ್ಲ ಕೇಳುತ್ತಿದ್ದದ್ದು ಒಂಬತ್ತನೆಯ ಕಡತವನ್ನೇ. ಪ್ರತಿ ಸಲ 11.30ರ ಸುಮಾರಿಗೆ ಸಿಗರೇಟು ಸೇದಲು ಹತ್ತು ನಿಮಿಷ ಹೊರಗೆ ಹೋಗುತ್ತಿದ್ದರು. ಹೋಗುವ ಮೊದಲು ಕಡತವನ್ನು ನನ್ನ ಮೇಜಿಗೆ ತಂದು ಕೊಡಬೇಕೆಂಬುದು ನಿಯಮ. ಮೊದಲ ದಿನವೇ ಪಕ್ಕದ ಮೇಜಿನ ಮಿಸೆಸ್ ಪ್ರೆಂಟಿಸ್ ಅವರು, ಇರಲಿ ಬಿಡಪ್ಪ, ನಾನು ನೋಡ್ಕೋತೀನಿ ಅಂದರು. ನಾನೂ ಇರಲಿ ಬಿಡಿ ಅಂದೆ. ಪ್ರೆಂಟಿಸ್ ಕೋಣೆಯಲ್ಲಿ ಪ್ರೆಂಟಿಸರ ಹೆಂಡತಿಗೆ ನಿಯಮ ಹೇಳಲು ನನಗೆ ಬಾಯಿ ಬರಲಿಲ್ಲ.

ಜನವರಿ 16ರಂದು ಕಡತ ಕೊಡುವಾಗ 178 ಗ್ರಾಂ ಇತ್ತು, ವಾಪಸು ಬಂದಾಗ 182. ಮುಂದಿನ ಮಂಗಳವಾರ 187. ತೇವ ಅಂದುಕೊಂಡೆ. ಫೆಬ್ರವರಿ 27ರಂದು ತೂಗುವಾಗ ನನ್ನ ತುಟಿ ಒಡೆದು ರಕ್ತ ಬಂದದ್ದರಿಂದ ಬುದ್ಧಿ ಬಂತು. ಹೊರಗೆ ಹಿಮ, ಒಳಗೆ ಹೀಟರು, ಕೋಣೆಯ ಗಾಳಿ ಒಣಗಿ ಚರ್ಮ ಬಿರಿಯುತ್ತಿದೆ. ಇಂಥ ಹವೆಯಲ್ಲಿ ಕಾಗದ ಹಗುರವಾಗಬೇಕೇ ಹೊರತು ಭಾರವಾಗುವುದಿಲ್ಲ. ಆ ಕ್ಷಣದಿಂದ ನನ್ನ ಕಣ್ಣು ಆ ಕೋಟಿನ ಮೇಲೆ ನೆಟ್ಟಿತು.

ಮಾರ್ಚ್ 5ರಂದು ಸ್ಟ್ರೌಡ್ ಅವರು ಹೊರಡುವಾಗ ಕೋಟು ಬಿಚ್ಚಿ ತೋರಿಸಿ ಎಂದೆ. ಅವರು ಎರಡೂ ಕೈ ಅಗಲಿಸಿ ನಿಂತು, ನೋಡಿ ಮೇಡಂ, ಒಂದು ಜೇಬಲ್ಲಿ ಸಿಗರೇಟು, ಒಂದರಲ್ಲಿ ಲೈಟರು, ಉಳಿದಿದ್ದರಲ್ಲೆಲ್ಲ ನಿಮ್ಮ ಮೇಲಿನ ಗೌರವ, ಯಾವುದು ಬೇಕೋ ತಗೊಳ್ಳಿ ಅಂದರು. ಮಿಸೆಸ್ ಪ್ರೆಂಟಿಸ್ ನಕ್ಕರು. ನಾನು ನಗಲಿಲ್ಲ. ಅವರು ಹೋದ ಮೇಲೆ ಕಡತ ಬಿಚ್ಚಿ ಎರಡು ಸಲ ಎಣಿಸಿದೆ. 39 ಇರಬೇಕಾದಲ್ಲಿ 47 ಪತ್ರಗಳಿದ್ದವು. 1988ರಲ್ಲಿ ಕಳೆದುಹೋದ ಪತ್ರಗಳ ಪಟ್ಟಿ ನನ್ನ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಹೆಚ್ಚಿಗೆ ಬಂದ ಎಂಟೂ ಆ ಪಟ್ಟಿಯಲ್ಲಿದ್ದವು. ಬೆನ್ನಿಗೆ ನಮ್ಮ ಸಂಘದ ಮುದ್ರೆ ಇತ್ತು.

ಕಳವಿನ ಮಾಲು ಈ ವ್ಯಾಪಾರಿಯ ಕೈಗೆ ಬಿದ್ದಿದೆ, ಯಾವುದೋ ಲೆಕ್ಕಾಚಾರಕ್ಕೆ ತಂದು ತುರುಕುತ್ತಿದ್ದಾನೆ ಎಂದು ನಿರ್ಧರಿಸಿದೆ. ಏನು ಲೆಕ್ಕಾಚಾರ ಎಂದು ಹೊಳೆಯಲಿಲ್ಲ. ಹೊಳೆಯದ್ದರಿಂದ ಸಂಶಯ ಇನ್ನೂ ಬಲಿಯಿತು. ಮಾರ್ಚ್ 7ರಂದು ಬೆಳಿಗ್ಗೆ 9.10ಕ್ಕೆ ಈ ಠಾಣೆಗೆ ಫೋನ್ ಮಾಡಿ ಸ್ಟ್ರೌಡ್ ಅವರ ಹೆಸರು ಕೊಟ್ಟೆ. ಮುಂದಿನ ಮಂಗಳವಾರ ಮಧ್ಯಾಹ್ನ 12ಕ್ಕೆ ಬರುತ್ತೇನೆ ಎಂದು ಡಿಟೆಕ್ಟಿವ್ ಹಾಲ್ಕಮ್ ಹೇಳಿದರು.

ಇಂದು ಮಾರ್ಚ್ 12, ಮಂಗಳವಾರ. 10.15ಕ್ಕೆ ಕಡತ ಕೊಟ್ಟೆ, 214 ಗ್ರಾಂ. 11.32ಕ್ಕೆ ಸ್ಟ್ರೌಡ್ ಹೊರಗೆ ಹೋದರು. ಕೋಟನ್ನು ಕುರ್ಚಿಯ ಮೇಲೆ ಬಿಟ್ಟಿದ್ದರು. ಅದರ ಜೇಬು ನೋಡಬೇಕೆಂದು ನಾನು ಬೀರುಗಳ ಹಿಂದಿನಿಂದ ಸುತ್ತಿ ಬಂದೆ. ಸುಮಾರು 12 ಅಡಿ ದೂರದಿಂದ ಕಂಡದ್ದು ಇಷ್ಟು: ಮಿಸೆಸ್ ಪ್ರೆಂಟಿಸ್ ತಮ್ಮ ಹೆಣಿಗೆ ಚೀಲದಿಂದ ಮಡಿಸಿದ ಒಂದು ಮೇಣದ ಕಾಗದ ತೆಗೆದರು. ಅದರೊಳಗಿಂದ ಒಂದು ಪತ್ರ ತೆಗೆದು, ತಾರೀಖು ನೋಡಿ, ಕಡತದಲ್ಲಿ ಅದರ ಸರಿಯಾದ ಜಾಗ ಹುಡುಕಿ ಇಟ್ಟರು. ಅಂಚುಗಳನ್ನು ಬೆರಳಿನಿಂದ ತಟ್ಟಿ ಸಮ ಮಾಡಿದರು.

ನಾನು ಹತ್ತಿರ ಹೋದೆ. ಅವರು ತಲೆ ಎತ್ತಿ, ಕೂಗಬೇಡ ಕಣೇ ಮರ್ನಾ, ಕದೀತಿಲ್ಲ, ಇಡ್ತಿದೀನಿ ಅಂದರು. ಅವರ ತೋಳು ಹಿಡಿದು ಹಿಂದಿನ ಕೋಣೆಗೆ, ಕೈ ತೊಳೆಯುವ ತೊಟ್ಟಿಯ ಹತ್ತಿರಕ್ಕೆ ಕರೆದೊಯ್ದೆ. ಅಲ್ಲಿ ಅವರು ಹೇಳಿದ್ದು: ಗಂಡ ಸತ್ತ ಮೇಲೆ ಬಟ್ಟೆ ಬೀರು ಖಾಲಿ ಮಾಡುವಾಗ, ಮೀನು ಹಿಡಿಯುವ ಸಾಮಾನಿನ ಕೆಳಗೆ ಕ್ರಿಸ್‌ಮಸ್ ಬಿಸ್ಕತ್ತಿನ ಒಂದು ಡಬ್ಬ ಸಿಕ್ಕಿತು. ಅದರಲ್ಲಿ 31 ಪತ್ರಗಳಿದ್ದವು. ಒಂದನ್ನೂ ಮಾರಿಲ್ಲ ಕಣೇ, ಅವಾಗ ರಾಜಧಾನಿಯ ದೊಡ್ಡ ಗ್ರಂಥಾಲಯದವರು ಪೆಟ್ಟಿಗೆಗಳನ್ನ ಕೇಳ್ತಿದ್ರಲ್ಲ, ಒಳ್ಳೇವನ್ನ ಉಳಿಸ್ಕೊಳ್ಳೋಣ ಅಂತ ತಂದಿರ್ಬೇಕು ಅಂದರು. ವಾರಕ್ಕೊಂದರಂತೆ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದರಂತೆ. ಇಂದಿಗೆ ಒಂಬತ್ತಾಯಿತು, ಇನ್ನು ಇಪ್ಪತ್ತೆರಡು. ಆಗಸ್ಟ್ ಮಧ್ಯಕ್ಕೆ ಮುಗಿಯತ್ತೆ, ಅಲ್ಲೀವರೆಗೆ ಬದುಕಿರ್ತೀನಿ ಅನ್ಸತ್ತೆ, ನೀನು ತಕ್ಕಡಿ ಕಡೆ ನೋಡದೇ ಇದ್ರೆ ಸಾಕು ಎಂದು ನನ್ನ ಕೈ ಹಿಡಿದುಕೊಂಡರು.

ಪೊಲೀಸರು 12ಕ್ಕೆ ಬರುತ್ತಿದ್ದಾರೆ, ಸ್ಟ್ರೌಡ್ ಅವರನ್ನು ಹಿಡಿಯುತ್ತಾರೆ ಎಂದೆ. ಅವನು ಹೊರಗಿನವನು ಕಣೇ, ನಾಲ್ಕು ಪ್ರಶ್ನೆ ಕೇಳಿ ಬಿಟ್ಬಿಡ್ತಾರೆ, ಲೈಲ್ ಹೆಸರು ಬಾಗಿಲ ಮೇಲಿದೆ ಅಂದರು. ಓಡೆಲ್ ಗತಿ ಎಂದೆ. ಅವನು ಹೇಗೋ ಹೊಂದ್ಕೊಂಡಿದಾನಲ್ಲ ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವರ ಆಸೆ. ಅವರು ಕೆಟ್ಟವರಲ್ಲ. ಹಾಗೆಂದು ಈ ಮಾತನ್ನು ನಾನು ಮರೆಯಲಾರೆ.

ಸ್ಟ್ರೌಡ್ ವಾಪಸು ಬಂದು ಕಡತ ಒಪ್ಪಿಸಿದಾಗ 218 ಗ್ರಾಂ. 12ಕ್ಕೆ ಸರಿಯಾಗಿ ಡಿಟೆಕ್ಟಿವ್ ಹಾಲ್ಕಮ್ ಬಂದರು. ಹೆಚ್ಚಿಗೆ ಬಂದ ಪತ್ರಗಳನ್ನು ನೋಡಿದರು. ಸ್ಟ್ರೌಡ್ ಅವರನ್ನು ಠಾಣೆಗೆ ಬರಲು ಹೇಳಿದರು. ಸ್ಟ್ರೌಡ್ ಈ ಸಲ ತಮಾಷೆ ಮಾಡಲಿಲ್ಲ. ನಾನೇನ್ ಮಾಡ್ದೆ ಮೇಡಂ, ನೀವಾದ್ರೂ ಹೇಳಿ ಎಂದು ನನ್ನನ್ನು ಕೇಳಿದರು. ನನ್ನ ಬಾಯಲ್ಲಿ ಉತ್ತರ ಇತ್ತು. ನಾನು ಬಾಯಿ ಬಿಡಲಿಲ್ಲ. 12.14ಕ್ಕೆ ಕಾರು ಹೊರಟಿತು. ಮಿಸೆಸ್ ಪ್ರೆಂಟಿಸ್ ಚೀಲ ಎತ್ತಿಕೊಂಡು ಮನೆಗೆ ಹೋದರು. ಈ ಮೌನವನ್ನು ಡಿಟೆಕ್ಟಿವ್ ಅವರು ನನ್ನ ಮೇಲೆ ಅಪರಾಧವೆಂದು ಬರೆದುಕೊಂಡರೆ ನನ್ನ ಆಕ್ಷೇಪಣೆ ಇಲ್ಲ.

ಕೋಣೆಯಲ್ಲಿ ಒಬ್ಬಳೇ ಉಳಿದೆ. ಊಟದ ಹೊತ್ತು. ನನ್ನ ಊಟದ ಡಬ್ಬಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ತಕ್ಕಡಿ. ಯಾಕೋ ಡಬ್ಬಿಯೊಳಗಿನ ಟರ್ಕಿ ಸ್ಯಾಂಡ್‌ವಿಚ್ಚನ್ನು ತೆಗೆದು ತಕ್ಕಡಿಯ ಮೇಲಿಟ್ಟೆ. 290 ಗ್ರಾಂ. ಒಂದು ಪತ್ರ ನಾಲ್ಕೋ ಐದೋ ಗ್ರಾಂ. ಮೂವತ್ತೊಂದು ಪತ್ರಕ್ಕೆ 140 ಗ್ರಾಂ. ಅಂದರೆ ಅರ್ಧ ಸ್ಯಾಂಡ್‌ವಿಚ್ಚು. ಅಷ್ಟು ಭಾರ ಒಬ್ಬ ಆಳಿನ ಕೈಯಲ್ಲಿರುವ ತಗಡಿನ ಡಬ್ಬಿಯಲ್ಲಿ ಇದೆಯೋ ಇಲ್ಲವೋ ಎಂಬುದು ಯಾವ ಕಣ್ಣಿಗೂ ಕಾಣುವುದಿಲ್ಲ. ಮೂವತ್ತೈದು ವರ್ಷ ಪ್ರತಿ ದಿನ ಕಾಗದ ತೂಗಿದವಳಿಗೆ ಈ ಲೆಕ್ಕ ಒಂದು ದಿನವೂ ತೋಚಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಡಬ್ಬಿ ಭಾರವಿತ್ತು ಎಂಬ ಮಾತು ಎಲ್ಲಿಂದ ಬಂತು ಎಂಬುದೂ ಆಗ ನೆನಪಾಯಿತು. 15-10-1988ರ ಬೆಳಿಗ್ಗೆ ಲೈಲ್ ಪ್ರೆಂಟಿಸ್ ನನಗೆ ಕಾಫಿ ತಂದುಕೊಟ್ಟು, ಡಬ್ಬಿ ಭಾರ ಇತ್ತಲ್ವಾ ಮರ್ನಾ, ನೀನೇ ನೋಡಿದೀಯಲ್ಲ ಎಂದು ಕೇಳಿದ್ದರು. ನನಗೆ ಆಗ 28 ವರ್ಷ. ಹೌದು ಸಾರ್, ಭಾರ ಇದ್ದ ಹಾಗಿತ್ತು ಎಂದಿದ್ದೆ. ಹೇಳಿದ ಮೇಲೆ ನನಗೆ ಹಾಗೇ ಕಂಡದ್ದು ನಿಜ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಗೆ ನಾನು ಸಾಕ್ಷಿ ಹೇಳಿದ್ದೆ.

12.50ಕ್ಕೆ ಕೋಣೆಗೆ ಬೀಗ ಹಾಕಿ ಕಾರಿನಲ್ಲಿ ಹೊರಟೆ. ಮೂರೂವರೆ ಮೈಲಿ ದೂರದಲ್ಲಿ ಓಡೆಲ್ ಮ್ಯಾಕ್‌ಫೆರಿನ್ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅವನಿಗೀಗ 70. 1.05ಕ್ಕೆ ಒಳಗೆ ಹೋದೆ. ಅವನು ಕೈಯಲ್ಲಿದ್ದ ಅಲಗನ್ನು ಕೆಳಗಿಡಲಿಲ್ಲ. ಏನ್ ಮರ್ನಾ, ದಾರಿ ತಪ್ಪಿತಾ ಅಂದ. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಲೈಲ್ ಹೆಸರು ಬಂದಾಗ ಅವನು ಅಲಗು ಉಜ್ಜುವುದನ್ನು ನಿಲ್ಲಿಸಿದ, ಆಮೇಲೆ ಮತ್ತೆ ಉಜ್ಜಿದ. ಅವರ ಹೆಣಕ್ಕೆ ಹೆಗಲು ಕೊಟ್ಟೋರಲ್ಲಿ ನಾನೂ ಒಬ್ಬ, ಎಲಾಯಿಸ್ಸೇ ಹೇಳಿ ಕಳ್ಸಿದ್ಳು ಅಂದ. ಅದು ನನಗೆ ಗೊತ್ತಿತ್ತು. ದೊಡ್ಡ ಮನಸ್ಸಿನ ಹೆಂಗಸು ಎಂದು ಆ ದಿನ ಊರೆಲ್ಲ ಹೊಗಳಿತ್ತು.

ಆಮೇಲೆ ಅವನು ಹೇಳಿದ್ದು: ಡಬ್ಬೀಲಿ ಏನಿತ್ತು ಅಂತ ಯಾರೂ ಕೇಳ್ಲಿಲ್ಲ ಮರ್ನಾ. ಪೊಲೀಸ್ರೂ ಕೇಳ್ಲಿಲ್ಲ, ಪಾದ್ರಿನೂ ಕೇಳ್ಲಿಲ್ಲ. ನೀನು ಭಾರ ಅಂದೆ, ಎಲ್ಲರಿಗೂ ಅಷ್ಟೇ ಸಾಕಾಯ್ತು. ಏನಿತ್ತು ಎಂದು ನಾನು ಕೇಳಿದೆ. ಅವನು ನನ್ನ ಮುಖ ನೋಡಿ, ಸಾಯಂಕಾಲ ನಾಲ್ಕೂವರೆಗೆ ಊಟದ ಡಬ್ಬೀಲಿ ಏನಿರತ್ತೆ? ಮಧ್ಯಾಹ್ನನೇ ಊಟ ಮಾಡಿದ್ದೆ, ಖಾಲಿ ಅಂದ. ಕ್ಷಮಿಸು ಎಂದೆ. ಬಾಗಿಲು ಎಳ್ಕೊಂಡು ಹೋಗು, ಚಳಿ ಬರ್ತಿದೆ ಅಂದ. ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತು, ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದೆ.

ಕೀತ್ ಸ್ಟ್ರೌಡ್ ಅವರು ನಿರಪರಾಧಿ. ಅವರು ಈಗಲೂ ಪಕ್ಕದ ಕೋಣೆಯಲ್ಲಿ ಕುಳಿತಿದ್ದಾರೆ, ಬಾಗಿಲಿನ ಗಾಜಿನಿಂದ ಅವರ ಕೋಟು ನನಗೆ ಕಾಣುತ್ತಿದೆ. ಮಾರ್ಚ್ 7ರ ನನ್ನ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದ 22 ಪತ್ರಗಳು ಮಿಸೆಸ್ ಪ್ರೆಂಟಿಸ್ ಅವರ ಮನೆಯ ಬಿಸ್ಕತ್ತಿನ ಡಬ್ಬದಲ್ಲಿವೆ. ಅವರ ವಯಸ್ಸನ್ನು ನೋಡಿ ಮೆಲ್ಲಗೆ ಮಾತಾಡಿಸಬೇಕೆಂದು ಕೋರುತ್ತೇನೆ, ಬಿಟ್ಟುಬಿಡಿ ಎಂದು ಕೋರುವುದಿಲ್ಲ.

ನನ್ನ ಕೋರಿಕೆಯ ಮೇರೆಗೆ 1988ರ ನನ್ನ ಹೇಳಿಕೆಯನ್ನು ನೆಲಮಾಳಿಗೆಯಿಂದ ಹುಡುಕಿಸಿ 3.25ಕ್ಕೆ ನನ್ನ ಮುಂದಿಟ್ಟರು. ಒಂದೇ ಹಾಳೆ. ಎಲ್ಲ ಸತ್ಯವೆಂದು ಕೊನೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ಅಕ್ಷರ ನನ್ನದೇ, ಎಲ್ಲೂ ನಡುಗಿಲ್ಲ. ಆ ಹಾಳೆಯ ಜೊತೆಗೆ ಈ ಹೇಳಿಕೆಯನ್ನು ಸೇರಿಸಿ ಇಡಬೇಕು, ಇದರ ಒಂದು ಪ್ರತಿಯನ್ನು ಓಡೆಲ್ ಮ್ಯಾಕ್‌ಫೆರಿನ್‌ಗೆ ಕೊಡಬೇಕು ಮತ್ತು ಇನ್ನೊಂದನ್ನು ನಮ್ಮ ಚರ್ಚಿನಲ್ಲಿ ಬರುವ ಭಾನುವಾರ ಓದಲು ನನಗೆ ಕೊಡಬೇಕು.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ಕಣ್ಣಿನಿಂದ ಕಂಡದ್ದು, ಕಿವಿಯಿಂದ ಕೇಳಿದ್ದು, ತಕ್ಕಡಿಯಲ್ಲಿ ತೂಗಿದ್ದು ಮಾತ್ರ ಇದರಲ್ಲಿದೆ, ಅಷ್ಟೂ ನಿಜ. 14-10-1988ರ ಸಂಜೆ ಓಡೆಲ್ ಕೈಯಲ್ಲಿ ಊಟದ ಡಬ್ಬಿ ಇತ್ತು. ಅದನ್ನು ನಾನು ಎತ್ತಿ ನೋಡಿರಲಿಲ್ಲ.

ಸ್ಥಳ: ವೆಲ್ಡನ್ ಪೊಲೀಸ್ ಠಾಣೆ
ದಿನಾಂಕ: 12-03-2024, ಮಧ್ಯಾಹ್ನ 3 ಗಂಟೆ 40 ನಿಮಿಷ

(ಸಹಿ) ಮರ್ನಾ ವೋಗೆಲ್
ನನ್ನ ಸಮಕ್ಷಮ: (ಸಹಿ) ರೂಬೆನ್ ಹಾಲ್ಕಮ್, ಡಿಟೆಕ್ಟಿವ್