ಗುಲಗಂಜಿಯ ಟೊಪ್ಪಿಗೆ

ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾದು ಕಾದು ಸಾಕಾಗಿದ್ದ ಮಥುರಾಬಾಯಿಯ ಕಣ್ಣು ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಟೊಪ್ಪಿಗೆಯ ಮೇಲೆ ಬಿತ್ತು. ಅದರ ಸುತ್ತ ಕೆಂಪು ಗುಲಗಂಜಿ ಪೋಣಿಸಿ ಹೊಲಿಯಲಾಗಿತ್ತು. ಆಚೆ ಕೂತ ಮುದುಕಿಯೂ ಅದನ್ನೇ ನೋಡುತ್ತಿದ್ದಳು.

"ಛಲೋ ಐತಲ್ಲವಾ. ಯಾರು ಮಾಡಿದ್ರು?" ಮುದುಕಿ ಕೇಳಿದಳು.

"ನನ್ನ ಮಗಳರಿ. ಇವತ್ತು ಸಾಲ್ಯಾಗ ಸಿಪಾಯಿ ಸೋಗು ಹಾಕ್ತಾಳ. ಟೊಪಗಿ ಮರತು ಹೋಗ್ಯಾಳ, ಕೊಡಾಕ ಹೊಂಟೇನಿ."

"ಗುಲಗಂಜಿ ಕಲ್ಲಿನಂಗ ಇರ್ತಾವ. ಸೂಜಿ ಹ್ಯಾಂಗ ಇಳೀತು?"

"ಒಂದೊಂದ ಬಾಯಾಗ ಇಟಗೊಂಡು, ಹಲ್ಲಿಲೆ ಕಚ್ಚಿ ಸಿಪ್ಪಿ ಸೀಳಿ ಚುಚ್ಚಿದ್ಲರಿ. ನಿನ್ನಿ ಇಡೀ ದಿನ ಅದ ಕೆಲಸ."

ಮುದುಕಿ ಎಲೆ ಅಗಿಯುವುದನ್ನು ನಿಲ್ಲಿಸಿದಳು.

"ಮುಂಜಾನಿ ಹೆಂಗಿದ್ಲು?"

"ಹೊಟ್ಟಿ ನೋಯ್ತದ ಅಂದ್ಲು, ಎರಡು ಸಲ ವಾಂತಿ ಮಾಡಿದ್ಲು. ಸ್ಟೇಜಿನ ಅಂಜಿಕಿರಿ. ಬೈದು ಕಳಿಸೇನಿ."

"ಯವ್ವಾ, ಸಿಪ್ಪಿ ಒಡದ ಗುಲಗಂಜಿ ವಿಷ! ನಮ್ಮ ಎಮ್ಮಿ ಸತ್ತಿದ್ದು ಅದರಿಂದನ. ಬಸ್ಸಿನ ದಾರಿ ನೋಡಬ್ಯಾಡ, ಏಳು, ಲಗೂ ಏಳು!"

ಮುದುಕಿ ರಸ್ತೆಗೆ ಅಡ್ಡ ನಿಂತು ಟೆಂಪೋ ತಡೆದಳು. ಇಬ್ಬರೂ ಹತ್ತಿ ಹೋದರು.

ಗಡಿಬಿಡಿಯಲ್ಲಿ ಹೆಂಗಸಿನ ಮಡಿಲಿನಿಂದ ಬಿದ್ದ ಟೊಪ್ಪಿಗೆಯನ್ನು ಎತ್ತಿಕೊಂಡ ಮಥುರಾಬಾಯಿ ತಿರುಗಿಸಿ ನೋಡಿದಳು. ಒಂದೊಂದು ಗುಲಗಂಜಿಯ ಮೇಲೂ ಪುಟ್ಟ ಹಲ್ಲಿನ ಗುರುತಿತ್ತು.