ಗೆಲ್ಲಿಸಿದ ಆ ಒಂದು ಮತ

ಮಾನ್ಯ ಅಧ್ಯಕ್ಷರೇ, ಆಶೀರ್ವದಿಸಲು ಬಂದಿರುವ ಪಾದ್ರಿಗಳೇ, ಸಂತ ರೋಕರ ಬ್ಯಾಂಡ್ ಕ್ಲಬ್ಬಿನ ವಾದ್ಯಗಾರರೇ, ಪಾಸ್ಟಿಟ್ಸಿ ತಿಂಡಿಯ ತಟ್ಟೆ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಐದನೆಯ ಬಾರಿ ಗೆದ್ದ ಸಂಸದ ಔರೇಲ್ಯು ಅವರ ಹೆಂಡತಿ ಜೋರ್ಜಾ, ಅಂದರೆ ನಾನು, ಎರಡು ಮಾತಾಡಬೇಕಂತೆ. ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ ಒಂದು, ಎರಡು ಅಂತ ನಂಬರ್ ಬರೆಯುವ ನಮ್ಮ ಚುನಾವಣೆಯಲ್ಲಿ, ಇಡೀ ಮಾಲ್ಟಾದಲ್ಲಿ ಇಷ್ಟು ಕಡಿಮೆ ಅಂತರದ ಗೆಲುವು ಇನ್ನೊಂದಿಲ್ಲ. ಒಂದೇ ಮತ. ಆ ಮತ ಯಾರದು? ಬೇಕರಿಯ ಕಾರ್ಮೆನು ತನ್ನದು ಅನ್ನುತ್ತಾನೆ. ಅಧ್ಯಕ್ಷರು ತಮ್ಮದು ಅನ್ನುತ್ತಾರೆ. ನನಗೂ ಕುತೂಹಲ. ಎಣಿಕೆಯ ದಿನ ಎಣಿಕೆ ಕೋಣೆಯ ಗಾಜಿನ ತಡೆಯಾಚೆ ನಿಂತು ಕಾಯುತ್ತಿದ್ದ ನಮ್ಮ ಏಜೆಂಟ್ ಸಾಲ್ವುವನ್ನೇ ಕೇಳಿದೆ.

"ಅತ್ತಿಗೆ, ಕೊನೇ ಸೀಟಿಗೆ ಅಣ್ಣನಿಗೂ ನೋಟರಿ ಗ್ರೆಕ್‌ಗೂ ಪೈಪೋಟಿ. ಸಂಜೆವರೆಗೂ ಅಣ್ಣ ಹಿಂದಿದ್ರು. ಆಮೇಲೆ ನಮ್ಮ ಪಕ್ಷದ್ದೇ ಡಾಕ್ಟರ್ ಸ್ಪಿಟೇರಿ ಕಡಿಮೆ ಮತ ಬಂದು ಸ್ಪರ್ಧೆಯಿಂದ ಬಿದ್ದುಹೋದ್ರಲ್ಲ, ಅವರ ಮತಪತ್ರ ತೆಗೆದು, ಎರಡನೇ ನಂಬರ್ ಯಾರಿಗಿದೆ ನೋಡಿ ಅವರವರಿಗೆ ಹಂಚಿದ್ರು. ಅಣ್ಣ ದಾಟಿದ್ದು ಆಗ್ಲೇ. ಗಾಜು ಬಡಿದೂ ಬಡಿದೂ ಕೈ ಊದ್ಕೊಂಡಿದೆ ನೋಡಿ."

"ಡಾಕ್ಟರು ಗೆದ್ದೇ ಗೆಲ್ತಾರೆ ಅಂತಿದ್ದೆಯಲ್ಲೋ?" ಅಂದೆ.

"ಅದಕ್ಕೆ ನೀವ್ಯಾಕೆ ಬೆವರ್ತಿದ್ದೀರಿ, ಅತ್ತಿಗೆ?" ಅಂದ.

ಯೋಚಿಸಿ ಸಭಿಕರೇ. ನಮ್ಮವರನ್ನು ಉಳಿಸಿದವರು ಡಾಕ್ಟರಿಗೆ ಒಂದು ಅಂತಲೂ ನಮ್ಮವರಿಗೆ ಎರಡು ಅಂತಲೂ ಬರೆದವರು. ಎಂಥವರಿರಬಹುದು? ನಮ್ಮವರ ಮೇಲೆ ದ್ವೇಷವೇ? ಇರಲಾರದು. ಇಪ್ಪತ್ತು ವರ್ಷದಿಂದ ಊರಿನ ಮನೆಮನೆಯಲ್ಲೂ ಕೂತು ಕಾಫಿ ಕುಡಿದ ಮನುಷ್ಯ ಆ ಮತದಾರರ ಮನೆಯಲ್ಲಿ ಮಾತ್ರ ಊಟಕ್ಕೆ ಕೂತಿರಲಾರರು. ಆ ಮತದಾರರು ಒಬ್ಬರೇ ಕೂತು, ನಾವು ‘ವಿಧವೆಯ ಸೂಪು’ ಅಂತ ಕರೆಯುವ ತರಕಾರಿ ಸೂಪು ಬಡಿಸಿಕೊಳ್ಳುವಾಗ ಪಕ್ಕದ ಮನೆಯ ಚೆಟ್ಟಾ, "ಹೆಸರಿಗೆ ತಕ್ಕ ಅಡುಗೆ ಕಣೇ ನಿಂದು" ಎಂದು ಛೇಡಿಸಿರಬಹುದು. ನಮ್ಮವರು ಸೋತರೆ ಮನೆಗೆ ಬಂದಾರು ಎಂಬ ಆಸೆ ಹುಟ್ಟಿರಬಹುದು. ಹುಟ್ಟಬಾರದೇ?

ಹಾಗಿದ್ದರೆ ಎರಡು ಅಂತ ಏಕೆ ಬರೆದರು? ಅದೇ ಬಗೆಹರಿಯುತ್ತಿಲ್ಲ. ಡಾಕ್ಟರಿಗೆ ಒಂದು ಅಂತ ಬರೆದು ಪೆನ್ಸಿಲ್ ಕೆಳಗಿಟ್ಟದ್ದೂ ಆಗಿತ್ತು. ಆ ಹೆಸರಿನ ಮುಂದೆ ಖಾಲಿ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಅವರ ಮನಸ್ಸು ಎನ್ನಬೇಕಿತ್ತು, ಕ್ಷಮಿಸಿ.

ರೀ, ಹಾಗೆ ನೋಡಬೇಡಿ. ನಿಮ್ಮ ಮತದಾರರೆಲ್ಲ ನಿಮ್ಮ ಮುಂದೆ ಏನಾದರೊಂದು ಬೇಡಿಕೆ ಇಡುತ್ತಾರೆ. ಗೆಲ್ಲಿಸಿದವಳದೂ ಒಂದಿದೆ: ಇವತ್ತು ಊಟಕ್ಕೆ ಬನ್ನಿ, ಸೂಪು ಇಬ್ಬರಿಗಾಗುವಷ್ಟು ಮಾಡಿಟ್ಟಿದ್ದೇನೆ.

ನಗದೆ ಕೇಳಿಸಿಕೊಂಡವರಿಗೂ ನಕ್ಕವರಿಗೂ ಕೃತಜ್ಞಳು. ನಮಸ್ಕಾರ.