ಒನೊರೆಯ ಶಂಖ

ಆ ದೀಪ ಸ್ವಲ್ಪ ಸಣ್ಣದು ಮಾಡಿ... ಸಾಕು.

ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ ಇದು. ನನ್ನ ದೊಡ್ಡಮ್ಮನ ಮಗ ಜೆರ್ವೇಗೆ ಆದದ್ದು. ಡೊಮಿನಿಕಾ ದ್ವೀಪದ ಪಡುವಣ ಕಡಲತಡಿಯಲ್ಲಿ, ನಮ್ಮ ಆನ್ಸ್ ಮುಲಾ ಊರಲ್ಲೇ. ಆಗ ನಮ್ಮ ಕಡಲಲ್ಲಿ ಮೊಬೈಲ್ ಸಿಗ್ನಲ್ ಸಿಗ್ತಿರಲಿಲ್ಲ.

ಅವತ್ತು ಜೆರ್ವೇ ರಮ್ಮಿನ ಅಂಗಡಿಯಿಂದ ಎದ್ದಾಗ ಕತ್ತಲು ಕಟ್ಟಿತ್ತು. ಅವನ ಮನೆ ಊರಿನ ಕೊನೇಲಿ. ಮನೆಗೆ ಹಿಂಬದಿಯಿಂದ ಹೋಗೋ ದಾರೀಲಿ ಒಂದು ಬಾವಿ, ಹಿಂದಿನ ಕಬ್ಬಿನ ತೋಟದವರು ತೋಡಿಸಿದ್ದು. ಅದರ ಮೇಲೆ ಬಾಗಿಕೊಂಡು ಒಂದು ಮುದಿ ಅತ್ತಿಮರ, ಆಲದ ಹಾಗೆ ಬಿಳಲು ಬಿಟ್ಟಿದೆ. ನೀರು ಉಪ್ಪಾದ ಮೇಲೆ ಆ ಬಾವಿ ಕಡೆ ಯಾರೂ ತಲೆ ಹಾಕ್ತಿರಲಿಲ್ಲ.

ಬಾವಿ ದಾಟಿದ. ಒಂದು ಹತ್ತು ಹೆಜ್ಜೆ ಇಟ್ಟಿರಬೇಕು...

ಭೂಂ. ಭೂಂ. ಭೂಂ... ಸ್ಸೀ.

ಶಂಖ. ಬಾವಿಯೊಳಗಿಂದ.

ನಮ್ಮ ಕಡೆ ಶಂಖ ಒಂದೇ ಉಸಿರಿಗೆ ಉದ್ದಕ್ಕೆ ಊದಿದರೆ ಮೀನು ಬಂತು ಅಂತ. ಹೆಂಗಸರು ಬೋಗುಣಿ ಹಿಡಿದು ದಡಕ್ಕೆ ಓಡ್ತಾರೆ. ಮೂರು ಗಿಡ್ಡ ಊದಿದರೆ... ಯಾರದೋ ಜೀವ ಹೋಗ್ತಿದೆ ಅಂತ. ತುತ್ತು ಬಾಯಲ್ಲಿದ್ದರೂ ಉಗುಳಿ ದೋಣಿ ನೂಕಬೇಕು. ಅದು ಮೂರು ಗಿಡ್ಡ. ಕೊನೇದರ ಬಾಲದಲ್ಲಿ ಸಣ್ಣ ಸೀಟಿ. ಆ ಸೀಟಿ ಇಡೀ ಕರಾವಳೀಲಿ ಒಬ್ಬನ ಶಂಖದ್ದು. ಅದರ ತುದಿ ಒಡೆದಿತ್ತು, ಅಲ್ಲಿಂದ ಗಾಳಿ ಸೋರ್ತಿತ್ತು. ಒನೊರೆಯ ಶಂಖ.

ನಮ್ಮೂರಲ್ಲಿ ದೋಣಿ ನಡೆಸ್ತಿದ್ದ ಒನೊರೆ ಕಡಲಲ್ಲಿ ಕಾಣೆಯಾಗಿ ನಲವತ್ತು ದಿನ ಆಗಿತ್ತು.

ಜೆರ್ವೇ ಬಾವಿ ಕಡೆ ತಿರುಗಿದ. ಅಷ್ಟರಲ್ಲಿ ಲಾಟೀನು ಹಿಡಿದು ಒಬ್ಬಳು ಓಡಿ ಬಂದಳು. ಒನೊರೆಯ ಹೆಂಡತಿ, ಮಾ ಎಜೀಲಿ. ಹಿರಿ ಹೆಂಗಸನ್ನ ನಾವು ಮಾ ಅಂತಲೇ ಕರೆಯೋದು.

"ಕೇಳಿಸ್ತಾ?" ಪಿಸುಗುಟ್ಟಿದಳು.

"ಏನು?"

"ಅವರದ್ದೇ."

"ಗಾಳಿ ಇರಬೇಕು, ಮಾ ಎಜೀಲಿ."

ಅವಳು ಲಾಟೀನು ಎತ್ತಿ ಅವನ ಮುಖ ನೋಡಿದಳು. "ಗಾಳಿಗೆ ನೀನ್ಯಾಕಪ್ಪಾ ಹೀಗೆ ಬೆವರ್ತಿದೀಯ?"

ಶಂಖ ಊರಿಗೆಲ್ಲ ಕೇಳಿಸಿತ್ತು; ಒನೊರೆ ಕಡಲಲ್ಲಿ ಎಲ್ಲೋ ಬದುಕಿರಬಹುದು ಅಂತ ಆ ರಾತ್ರಿ ಊರ ಗಂಡಸರೆಲ್ಲ ಏಳು ದೋಣಿ ನೂಕಿದರು. ಪಂಜು ಹಿಡಿದು ಬೆಳಗಿನ ಜಾವದವರೆಗೆ ಹುಡುಕಿದರು. ಒಂದು ಹಲಗೆ ತುಂಡೂ ಸಿಗಲಿಲ್ಲ.

ಈಗ ಜೆರ್ವೇ ಯಾಕೆ ಬೆವರಿದ, ಅದನ್ನ ಹೇಳ್ತೀನಿ. ಇದೆಲ್ಲ ಅವನೇ ಆಮೇಲೆ ಬಾಯಿ ಬಿಟ್ಟು ಹೇಳಿದ್ದು.

ಅವನೂ ಒನೊರೆಯೂ ಊರು ನೋಡೋಕೆ ಬರೋ ಪರದೇಶದವರನ್ನ ದೋಣೀಲಿ ತಿರುಗಿಸ್ತಿದ್ದರು. ದಡ ಹಿಡಿದು ಬಡಗಲಿಗೆ ಹೋದರೆ ಮರಗೆಣಸಿನ ರೊಟ್ಟಿ ಸುಡೋ ಊರು, ಬಾವಲಿ ಗವಿ, ಜಲಪಾತ ನೇರ ಕಡಲಿಗೆ ಬೀಳೋ ಬಂಡೆ, ನೀರಿನಡಿಯಿಂದ ಗುಳುಗುಳು ಅಂತ ಬಿಸಿ ಗುಳ್ಳೆ ಏಳೋ ಕೊಲ್ಲಿ. ಜೆರ್ವೇಗೆ ಆ ಕಸುಬು ಕಲಿಸಿದ್ದೇ ಒನೊರೆ. ಮೊದಲ ದೋಣಿ ಮಾಡಿಸಿಕೊಟ್ಟಿದ್ದೂ ಅವನೇ. ಆದರೆ ಬಂದವರೆಲ್ಲ ಒನೊರೆಯನ್ನೇ ಕೇಳೋರು. ಅವನು ಹಾಡ್ತಿದ್ದ, ನಗಿಸ್ತಿದ್ದ. ಒಂದು ದಿನ ದೋಣಿ ಕಟ್ಟೋ ಕಟ್ಟೆ ಮೇಲೆ ಎಲ್ಲರೆದುರು ಜೆರ್ವೇ ಹೆಗಲಿಗೆ ತಟ್ಟಿ ಅಂದ: "ಇವನ ದೋಣಿ ಹತ್ತಬೇಡ್ರಪ್ಪೋ! ಗವಿಯೊಳಗೆ ಬಾವಲಿ ಹಾರಿದರೆ ಮೊದಲು ನೀರಿಗೆ ಹಾರೋನು ಇವನೇ!"

ಎಲ್ಲರೂ ಗೊಳ್ಳಂತ ನಕ್ಕರು. ಜೆರ್ವೇನೂ ನಕ್ಕ. ಆದರೆ ಆ ಮಾತು ಗಂಟಲಲ್ಲಿ ಮೀನುಮುಳ್ಳಿನ ಹಾಗೆ ಕೂತುಬಿಡ್ತು.

ಅದಾಗಿ ವಾರಕ್ಕೆ ಜೆರ್ವೇ ದೋಣೀಲಿ ವಯಸ್ಸಾದ ಇಬ್ಬರು ಗಂಡಹೆಂಡಿರು ಬಂದಿದ್ದರು. ಬಿಸಿ ಗುಳ್ಳೆ ಕೊಲ್ಲಿ ನೋಡಿಕೊಂಡು ವಾಪಸು ಬರೋ ಹೊತ್ತು. ಸೂರ್ಯ ನೀರಿಗೆ ತಾಗಿದ್ದ. ದೂರ, ಬೆಳಕಿನ ಕಡೆಯಿಂದ...

ಭೂಂ. ಭೂಂ. ಭೂಂ... ಸ್ಸೀ.

ಜೆರ್ವೇ ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದ. ಒಂದು ಚುಕ್ಕಿ ಕಾಣ್ತು. ಒನೊರೆ ದೋಣಿ. ಎಂಜಿನ್ ನಿಂತು ಹೋಗಿದೆ, ಒಳಸೆಳೆತ ಅದನ್ನ ಪಡುವಲಿಗೆ ಒಯ್ಯುತ್ತಿದೆ. ಆ ಕಡೆ ಹೋದರೆ ಮುಂದೆ ನೆಲವೇ ಇಲ್ಲ. ಹಗ್ಗ ಕಟ್ಟಿ ಎಳೆದು ತರೋಕೆ ಕಾಲು ಗಂಟೆ ಕೆಲಸ.

"ಏನು ಸದ್ದು ಅದು?" ಆ ಮುದುಕಿ ಕೇಳಿದಳು.

ಜೆರ್ವೇ ಆ ಚುಕ್ಕಿಯಿಂದ ಕಣ್ಣು ಕಿತ್ತ. ಆಮೇಲೆ ಅಂದ: "ನಮ್ಮವರ ಪದ್ಧತಿ ಅಮ್ಮಾ. ಸಂಜೆ ಸೂರ್ಯನ್ನ ಹೀಗೆ ಕಳಿಸಿಕೊಡ್ತಾರೆ. ನಿಮ್ಮಂಥೋರು ಬಂದಾಗ ಸ್ವಲ್ಪ ಜೋರಾಗೇ ಊದ್ತಾರೆ."

ಭೂಂ. ಭೂಂ. ಭೂಂ...

ಮುದುಕಿಗೆ ಎಷ್ಟು ಚೆಂದ ಅನಿಸಿತೋ ಏನೋ. ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಮುದುಕ ಆ ಚುಕ್ಕಿಯ ಫೋಟೋ ತೆಗೆದ. ಜೆರ್ವೇ ದೋಣಿ ತಿರುಗಿಸಿದ... ದಡದ ಕಡೆಗೆ.

ಊರಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ, ಗಾಳಿ ಆಚೆ ಬೀಸ್ತಿತ್ತು. ಜೆರ್ವೇ ಸಲಾಕೆಗೆ ಚುಚ್ಚಿ ಸುಟ್ಟ ಮೀನು ತಿಂದು ಮಲಗಿದ. ಮಾರನೇ ದಿನ ಎಲ್ಲರ ಜೊತೆ ಹುಡುಕೋಕೂ ಹೋದ. ಮಾ ಎಜೀಲಿಯ ಕೈ ಹಿಡಿದು ಅತ್ತ ಕೂಡ. ಅಲ್ಲಿಂದಾಚೆ ಬಂದವರೆಲ್ಲ ಅವನ ದೋಣಿಗೇ ಹತ್ತಿದರು.

ಆಮೇಲೆ ಶುರುವಾಯ್ತು ಬಾವಿಯ ಶಂಖ.

ದಿನಾ, ಕತ್ತಲು ಕಟ್ಟೋ ಹೊತ್ತಿಗೆ. ಎರಡನೇ ದಿನ ಐದು ದೋಣಿ ಹೋದವು. ಮೂರನೇ ದಿನ ಮೂರು. ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಬಿಟ್ಟು ಜಾಲಾಡಿದರು, ಕೆಸರು ಬಂತು ಅಷ್ಟೇ. ಪಾದ್ರಿ ಬಂದು ಮಂತ್ರಿಸಿದ ನೀರು ಚಿಮುಕಿಸಿದರು. ಅವರು ಬೆನ್ನು ತಿರುಗಿಸಿದ್ದೇ ತಡ... ಭೂಂ. ಭೂಂ. ಭೂಂ... ಸ್ಸೀ. ನಾಯಿಗಳು ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಕುಂಯ್‌ಗುಟ್ಟಿದವು.

ಎರಡು ವಾರ ಕಳೆದ ಮೇಲೆ ಊರವರು ಇಗರ್ಜಿ ಅಂಗಳದಲ್ಲಿ ಸೇರಿದರು. ಅಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನು ಜೆರ್ವೇ. ಕಣ್ಣು ಒಳಗಿಳಿದಿದ್ದವು. ನಿದ್ದೆ ಬಿಟ್ಟು ಎಷ್ಟು ದಿನ ಆಗಿತ್ತೋ.

"ಅದು ಮನುಷ್ಯರ ಶಂಖ ಅಲ್ಲ! ಓಗೊಟ್ಟವನನ್ನ ಅದು ಎಳಕೊಂಡು ಹೋಗ್ತದೆ. ಇನ್ನು ಮೇಲೆ ಕತ್ತಲಾದ ಮೇಲೆ ಶಂಖ ಕೇಳಿದರೆ ಯಾರೂ ದೋಣಿ ನೂಕಬಾರದು. ಕಿಟಕಿ ಹಾಕ್ಕೊಳ್ಳಿ, ಕಿವಿ ಮುಚ್ಕೊಳ್ಳಿ!"

"ನಿಜವಾಗ್ಲೂ ಯಾರಾದ್ರೂ ಕಷ್ಟದಲ್ಲಿದ್ರೆ?" ಯಾರೋ ಕೇಳಿದರು.

"ಕತ್ತಲಾದ ಮೇಲೆ ಕಡಲಲ್ಲಿ ಯಾರಿಗೆ ಏನು ಕೆಲಸ?"

ಎಲ್ಲರೂ ಮಾ ಎಜೀಲಿ ಕಡೆ ನೋಡಿದರು. ಅವಳು ಹೂಂ ಅಂತ ತಲೆ ಆಡಿಸಿದಳು. "ಆಗಲಿ. ಜೆರ್ವೇ ಹೇಳಿದ ಹಾಗೇ ಆಗಲಿ."

ಅಲ್ಲಿಂದ ಊರು ಸಂಜೆಯಾದರೆ ಕದ ಹಾಕಿಕೊಳ್ತಿತ್ತು. ಬಾವಿ ಊದ್ತಿತ್ತು. ಯಾರೂ ಏಳ್ತಿರಲಿಲ್ಲ. ಹೀಗೇ ಒಂದು ತಿಂಗಳು.

ಜೆರ್ವೇ ಯಾವಾಗ್ಲೂ ಬೆಳಕಿರುವಾಗಲೇ ದಡ ಸೇರ್ತಿದ್ದ. ಒಂದೇ ಒಂದು ದಿನ ತಡವಾಯ್ತು. ಬಿಸಿ ಗುಳ್ಳೆ ಕೊಲ್ಲೀಲಿ ನೀರಿಗಿಳಿದ ಹುಡುಗಿಯರು ಮೇಲೇಳಲೇ ಒಲ್ಲರು. ಅವರನ್ನ ಬಡಗಲ ಊರಲ್ಲಿ ಇಳಿಸಿ ಒಬ್ಬನೇ ಹೊರಟ. ನಮ್ಮೂರ ಇಗರ್ಜಿ ದೀಪ ಕಾಣ್ತಿತ್ತು. ಜಲಪಾತದ ಬಂಡೆ ದಾಟಿದ್ದೇ...

ಧಕ್. ಧಕ್. ಠಸ್.

ಎಂಜಿನ್ ನಿಂತಿತು. ಅದನ್ನ ಚಾಲೂ ಮಾಡೋ ಹಗ್ಗ ಎಳೆದ. ಎಳೆದ. ಅಂಗೈ ಸಿಪ್ಪೆ ಎದ್ದಿತು. ದೋಣಿ ಮೆಲ್ಲಗೆ ಮೂತಿ ತಿರುಗಿಸಿತು. ಪಡುವಲಿಗೆ. ಹುಟ್ಟು ಹಾಕಿದ, ಒಳಸೆಳೆತದ ಮುಂದೆ ಒಂದು ಹುಟ್ಟು ಯಾವ ಲೆಕ್ಕ?

ದೋಣೀಲಿದ್ದ ತನ್ನ ಶಂಖ ಎತ್ತಿದ. ಊದಿದ. ಮೂರು ಗಿಡ್ಡ.

ಗಾಳಿ ಅವತ್ತು ದಡದ ಕಡೆಗೇ ಬೀಸ್ತಿತ್ತು. ಊರಿಗೆ ಸ್ಪಷ್ಟವಾಗಿ ಕೇಳಿಸಿತು. ನಾನೇ ಕೇಳಿದೆ! ನಮ್ಮ ಮನೇಲಿ ದೀವಿಹಲಸು ಸುಡ್ತಿದ್ದೆವು. ನಮ್ಮಪ್ಪ ಎದ್ದು ಕಿಟಕಿ ಹಾಕಿದ.

ಜೆರ್ವೇ ಕಣ್ಣೆದುರೇ ಊರಿನ ಕಿಟಕಿಗಳು ಒಂದೊಂದಾಗಿ ಕತ್ತಲಾದವು. ಊದಿದ. ತುಟಿ ಒಡೆದು ರಕ್ತ ಶಂಖದೊಳಗೆ ಇಳಿಯೋವರೆಗೆ ಊದಿದ. ಕೊನೆಗೆ ಉಸಿರು ಸಾಲದೆ ಶಂಖ ಕೆಳಗಿಟ್ಟ. ಇಗರ್ಜಿ ದೀಪ ಕೂಡ ಮುಳುಗಿತ್ತು. ನೀರು ಹಲಗೆಗೆ ತಟ್ಟೋ ಸದ್ದು ಅಷ್ಟೇ... ತಟ್. ತಟ್.

ಆಗ ಹಿಂದಿನಿಂದ, ಬಲಗಿವಿಗೆ ತಾಗೋ ಅಷ್ಟು ಹತ್ತಿರ, ತಣ್ಣಗಿನ ಉಸಿರು.

"ಊದು ಜೆರ್ವೇ... ನಂಗೆ ಕೇಳಿಸ್ತಿದೆ."

ತಿರುಗಿದ. ಯಾರೂ ಇಲ್ಲ.

ನಾಲ್ಕು ಹಗಲು, ನಾಲ್ಕು ರಾತ್ರಿ. ಮಳೆ ಬಂದಾಗ ದೋಣಿ ನೀರು ಚೆಲ್ಲೋ ಡಬ್ಬಿ ಹಿಡಿದು ಕುಡಿದ. ಹಗಲೆಲ್ಲ ಬೆನ್ನು ಸುಲಿಯೋ ಬಿಸಿಲು. ಸೂರ್ಯ ನೀರಿಗೆ ತಾಗಿದ ಕೂಡಲೆ ಅದೇ ಉಸಿರು, ಅದೇ ಮಾತು. ಊದು ಜೆರ್ವೇ. ಬೇಡ ಅಂದರೆ ದೋಣಿ ಒಂದು ಮಗ್ಗುಲಿಗೆ ವಾಲ್ತಿತ್ತಂತೆ, ಯಾರೋ ಅಂಚಿಗೆ ಕೈ ಹಾಕಿ ಜೋತುಬಿದ್ದ ಹಾಗೆ. ಒಡೆದ ತುಟೀಲೇ ಊದ್ತಿದ್ದ. ಪ್ರತಿ ಸಲ ಊದಿ ಮುಗಿಸಿದಾಗಲೂ ಕತ್ತಲಲ್ಲಿ ಯಾರೋ ನಿಧಾನಕ್ಕೆ ಚಪ್ಪಾಳೆ ತಟ್ಟೋರು. ಒದ್ದೆ ಕೈಗಳ ಚಪ್ಪಾಳೆ... ಪಚ್. ಪಚ್. ಪಚ್.

ಐದನೇ ಬೆಳಿಗ್ಗೆ ಪಕ್ಕದ ಗ್ವಾಡಲೂಪ್ ದ್ವೀಪದ ಮೀನುಗಾರರ ಕಣ್ಣಿಗೆ ಬಿದ್ದ. ಅವರು ಎಳೆದು ತಂದರು.

ಆರೋಗ್ಯ ಕೇಂದ್ರದ ಮಂಚದ ಮೇಲೆ ಮಲಗಿಕೊಂಡೇ ಮಾ ಎಜೀಲಿಗೆ ಹೇಳಿ ಕಳಿಸಿದ. ಅವಳು ಬಂದಳು. ಸ್ಟೂಲಿನ ಮೇಲೆ ಕೂತಳು. ಅವನು ಎಲ್ಲ ಹೇಳಿದ. ಚಪ್ಪಾಳೆ, ಫೋಟೋ, ಏನೂ ಬಿಡಲಿಲ್ಲ. ನಾನು ಬಾಗಿಲ ಹತ್ತಿರ ಇದ್ದೆ.

"ನನ್ನ ಕ್ಷಮಿಸಿಬಿಡು, ಮಾ ಎಜೀಲಿ."

"ಮೊದಲೇ ಗೊತ್ತಿತ್ತು," ಅಂದಳು.

"ಹೇಗೆ?"

"ಸತ್ತ ಗಂಡ ಬಂದು ಹೆಂಡತಿಯ ಮನೆ ಮುಂದೆ ಕೂಗಬೇಕಿತ್ತು. ನಿನ್ನ ಮನೆ ಹಿಂದಿನ ಬಾವೀಲಿ ಕೂಗ್ತಿದ್ದರು. ಅಷ್ಟೂ ಅರ್ಥ ಆಗಲ್ವಾ ನಂಗೆ?"

ಜೆರ್ವೇ ಮುಖ ಗೋಡೆ ಕಡೆ ತಿರುಗಿಸಿದ.

ಅವಳು ಸೆರಗಿನಂಥ ತಲೆವಸ್ತ್ರ ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ. "ನೀನು ಊದಿದ ರಾತ್ರಿ ಬಾವಿ ಊದಲಿಲ್ಲ ಕಣೋ. ಕಡಲ ಕಡೆಯಿಂದ ಬಂದ ಶಂಖಕ್ಕೆ ಸೀಟಿ ಇರಲಿಲ್ಲ. ನಿನ್ನದೇ ಅಂತ ಒಂದೇ ಊದಿಗೆ ಗುರುತು ಹಿಡಿದೆ. ಪಕ್ಕದ ಮನೆಯವನು ದೋಣಿಗೆ ಕೈ ಹಾಕಿದ್ದ. 'ಇದು ಬೇರೆ ಥರ ಇದೆ, ಹೋಗಿ ನೋಡ್ಲಾ ಮಾ?' ಅಂದ."

"ನೀನು... ಏನಂದೆ?"

"ಜೆರ್ವೇ ಹೋಗಬಾರದು ಅಂದಿದಾನೆ, ಕಿಟಕಿ ಹಾಕ್ಕೋ ಅಂದೆ."

ಎದ್ದು ಹೋದಳು. ತಿರುಗಿ ನೋಡಲಿಲ್ಲ. ಬಾವಿ ಆವತ್ತಿಂದ ಊದಿಲ್ಲ.

ಜೆರ್ವೇ ದೋಣಿ ಮಾರಿ ಬೆಟ್ಟದ ಮೇಲಿನ ಊರಿಗೆ ಹೋದ. ಹನ್ನೊಂದು ವರ್ಷವಾಯ್ತು, ಕಡಲ ಕಡೆ ಇಳಿದಿಲ್ಲ. ಬಾಳೆ ಬೆಳೀತಾನೆ. ಆದರೆ ತಿಂಗಳಿಗೊಮ್ಮೆ ಅವನ ಬಲಗಿವಿ ಕಟ್ಟಿಕೊಳ್ತದೆ. ನನ್ನ ತಂಗಿ ಅಲ್ಲಿ ನರ್ಸು. ಪಿಚಕಾರೀಲಿ ಬಿಸಿನೀರು ಬಿಟ್ಟು ತೊಳೀತಾಳೆ. ಒಂದು ಚಮಚೆಯಷ್ಟು ಮರಳು ಬರ್ತದೆ. ನಮ್ಮ ಕರಾವಳಿ ಉದ್ದಕ್ಕೂ ಇರೋದು ಕಪ್ಪು ಮರಳು. ಇದು ಬೆಳ್ಳಗಿರ್ತದೆ... ಹಸಿ ಇರ್ತದೆ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಮೊನ್ನೆ ಮಂಗಳವಾರವೂ ತೆಗೆದಳು. ತಟ್ಟೆ ಹಿಡಿದು ನಿಂತಿದ್ದವನು ನಾನೇ.